ಸೈರಣೆ ಮತ್ತು ಹದಿಹರೆಯದ ಮನಸ್ಸು

‘ತಾಳಿದವನು ಬಾಳಿಯಾನು’ ಎಂಬ ಗಾದೆ ಕನ್ನಡನಾಡಿನ ಮನೆಮನೆಗೂ ಪರಿಚಿತವಾದುದು. ಹಿರಿಯರು ಕಿರಿಯರಿಗೆ ಹೇಳುವ ಬುದ್ಧಿಮಾತುಗಳಲ್ಲಿ ಇದಕ್ಕೆ ಅಗ್ರಸ್ಥಾನವಿದೆ. ಆದರೆ ತಾಳುವುದೆಂದರೇನು? ಬಾಯಿ ಮುಚ್ಚಿಕೊಂಡು ನೋವನ್ನು ನುಂಗುವುದೇ ತಾಳ್ಮೆಯೆ? ಒಳಗೊಳಗೇ ಬೇಯುತ್ತಿರುವ ಹದಿಹರೆಯದ ಮಗುವಿಗೆ ಈ ಮಾತನ್ನು ಹೇಳಿ ಸುಮ್ಮನಾದರೆ ಅದರಿಂದ ಹಿತವಾಗುವುದೋ ಅಹಿತವಾಗುವುದೋ? ಇದು ಕೇವಲ ಶಬ್ದಾರ್ಥದ ಪ್ರಶ್ನೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದವರ ಪೈಕಿ ಶೇ. 7.3ರಷ್ಟು ಮಂದಿಯಲ್ಲಿ ಒಂದಲ್ಲ ಒಂದು ಮಾನಸಿಕ ವ್ಯಾಧಿ ಕಂಡುಬಂದಿತು. ಆದಕಾರಣ ತಾಳ್ಮೆಯ ನಿಜವಾದ ಅರ್ಥವನ್ನು ವಿವೇಚಿಸುವುದು ಅಗತ್ಯವಾಗಿದೆ.

ಮನಶ್ಶಾಸ್ತ್ರಜ್ಞರು ‘ಸಂಕಟ ಸಹಿಷ್ಣುತೆ’ ಎಂಬ ಗುಣವನ್ನು ಕುರಿತು ಕೆಲವು ದಶಕಗಳಿಂದ ಅಧ್ಯಯನ ನಡೆಸುತ್ತ ಬಂದಿದ್ದಾರೆ. ದುಃಖ, ಭಯ, ಅವಮಾನ, ರೋಷ ಮುಂತಾದವು ಮನಸ್ಸನ್ನು ಕವಿದಾಗ, ಅವು ತಾವಾಗಿ ಇಳಿಯುವವರೆಗೂ, ತನಗಾಗಲಿ ಪರರಿಗಾಗಲಿ ಹಾನಿಯಾಗುವಂತಹ ಕಾರ್ಯಕ್ಕೆ ಕೈಹಾಕದೆ ನಿಲ್ಲಬಲ್ಲ ಶಕ್ತಿಯೇ ಈ ಗುಣ. ಸಂಕಟವೇ ಇಲ್ಲದಿರುವುದು ಬೇರೆ; ಸಂಕಟವನ್ನು ಅದುಮಿಡುವುದು ಬೇರೆ; ಸಂಕಟವನ್ನು ಸೈರಿಸುವುದು ಬೇರೆ. ಅದುಮಿಡುವವನು ‘ನನಗೆ ನೋವಿಲ್ಲ’ ಎನ್ನುತ್ತಾನೆ. ಸೈರಿಸುವವನು ‘ನನಗೆ ನೋವಿದೆ, ಆದರೂ ಇದರಿಂದ ಪಾರಾಗಬಲ್ಲೆ’ ಎನ್ನುತ್ತಾನೆ. ಮೊದಲನೆಯದು ನೋವಿನ ನಿರಾಕರಣೆ. ಎರಡನೆಯದು ಅದರ ಅಂಗೀಕಾರ.

ಈ ಶಕ್ತಿಯನ್ನು ಅಳೆಯಲು ಪ್ರಶ್ನಾವಳಿಗಳಿವೆ, ಪ್ರಯೋಗಗಳೂ ಇವೆ. ಅಂತಹ ಒಂದು ಪ್ರಯೋಗದಲ್ಲಿ ಗಣಕಯಂತ್ರದ ಪರದೆಯ ಮೇಲೆ ನಕ್ಷತ್ರದ ಆಕೃತಿಯೊಂದನ್ನು ತೋರಿಸಿ, ಅದರ ಅಂಚನ್ನು ಅನುಸರಿಸಿ ಗೆರೆ ಎಳೆಯಲು ಹೇಳುತ್ತಾರೆ. ಆದರೆ ಕೈ ಬಲಕ್ಕೆ ಚಲಿಸಿದರೆ ಗುರುತು ಎಡಕ್ಕೆ ಸರಿಯುತ್ತದೆ. ತಪ್ಪಿದೊಡನೆ ಕರ್ಕಶವಾದ ಸದ್ದು ಕೇಳಿಸುತ್ತದೆ. ಯಾವಾಗ ಬೇಕಾದರೂ ಬಿಟ್ಟೇಳುವ ಸ್ವಾತಂತ್ರ್ಯವಿರುತ್ತದೆ. ಎಷ್ಟು ಹೊತ್ತು ಬಿಡದೆ ಕುಳಿತರೆಂಬುದೇ ಇಲ್ಲಿ ಅಳತೆ. ಈ ಬಗೆಯ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಸೈರಣೆ ಕಡಮೆಯಿರುವ ಕಿಶೋರರಲ್ಲಿ ಖಿನ್ನತೆ, ಆತಂಕ, ಮಾದಕವಸ್ತುಗಳ ಸೇವನೆ ಮತ್ತು ಆತ್ಮಹಾನಿಯ ಪ್ರವೃತ್ತಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಆದರೆ ಸೈರಣೆಯ ಕೊರತೆಯೊಂದೇ ವ್ಯಾಧಿಗೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಖಿನ್ನತೆಯೇ ಸೈರಣೆಯನ್ನು ಕುಗ್ಗಿಸಲೂಬಹುದು. ಸಂಬಂಧವು ಉಭಯಮುಖವಾದುದು.

ಹದಿಹರೆಯದಲ್ಲಿಯೇ ಈ ಸಮಸ್ಯೆ ತೀವ್ರವಾಗುವುದೇಕೆ? ಭಾವೋದ್ವೇಗಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಆ ವಯಸ್ಸಿನಲ್ಲಿ ಚುರುಕಾಗಿರುತ್ತವೆ. ಮುಂದಾಲೋಚನೆ, ಸಂಯಮಗಳಿಗೆ ಆಧಾರವಾದ ಮುಂಭಾಗವಾದರೋ ಇಪ್ಪತ್ತರ ನಡುವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಇದರೊಡನೆ ಅಭ್ಯಾಸಬಲವೂ ಸೇರುತ್ತದೆ. ಪರೀಕ್ಷೆಯ ಭಯದಿಂದ ಶಾಲೆಗೆ ಹೋಗದೆ ಉಳಿದ ಬಾಲಕನಿಗೆ ಆ ದಿನ ನೆಮ್ಮದಿ ದೊರೆಯುತ್ತದೆ. ಆ ನೆಮ್ಮದಿಯೇ ಬಹುಮಾನವಾಗಿ ಪರಿಣಮಿಸಿ, ಮರುದಿನವೂ ತಪ್ಪಿಸಿಕೊಳ್ಳುವಂತೆ ಪ್ರೇರೇಪಿಸುತ್ತದೆ. ಹೀಗೆ ಪಲಾಯನವು ರೂಢಿಯಾಗಿ, ಭಯವು ತಾನಾಗಿಯೇ ಇಳಿಯಬಲ್ಲುದೆಂಬ ಅನುಭವವೇ ಅವನಿಗೆ ದೊರೆಯದೆ ಹೋಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಮಾರ್ಷಾ ಲಿನೆಹಾನ್ ಅವರ ಜೀವನವು ಮನನೀಯವಾದುದು. 1943ರಲ್ಲಿ ಜನಿಸಿದ ಆಕೆ 1961ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಮಾನಸಿಕ ಆಸ್ಪತ್ರೆಯೊಂದನ್ನು ಸೇರಬೇಕಾಯಿತು. ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುತ್ತಿದ್ದ ಆ ಬಾಲೆಯನ್ನು ಏಕಾಂತ ಕೊಠಡಿಯಲ್ಲಿರಿಸಿದರು. ಪ್ರಬಲವಾದ ಔಷಧಗಳನ್ನು ಕೊಟ್ಟರು. ವಿದ್ಯುತ್ ಚಿಕಿತ್ಸೆಯನ್ನೂ ಮಾಡಿದರು. 26 ತಿಂಗಳು ಅಲ್ಲಿ ಕಳೆದು ಹೊರಬಂದ ಆಕೆ ಮುಂದೆ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿ, ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ‘ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ’ ಎಂಬ ಚಿಕಿತ್ಸಾಪದ್ಧತಿಯನ್ನು ರೂಪಿಸಿ, 1993ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ತಾವೂ ಒಮ್ಮೆ ಅಂತಹ ರೋಗಿಯಾಗಿದ್ದುದನ್ನು ಆಕೆ ಬಹಿರಂಗವಾಗಿ ನುಡಿದುದು 2011ರಲ್ಲಿ, ಅದೇ ಆಸ್ಪತ್ರೆಯಲ್ಲಿ.

ಈ ಪದ್ಧತಿಯು ಎರಡು ವಿರುದ್ಧ ತತ್ತ್ವಗಳನ್ನು ಸಮನ್ವಯಗೊಳಿಸುತ್ತದೆ: ಇರುವುದನ್ನು ಇದ್ದಂತೆ ಒಪ್ಪುವುದು ಒಂದು, ಬದಲಾಗಬೇಕಾದುದನ್ನು ಬದಲಾಯಿಸುವುದು ಮತ್ತೊಂದು. ಸಂಕಟವನ್ನು ಸೈರಿಸುವುದು ಇದರಲ್ಲಿ ಕಲಿಸುವ ನಾಲ್ಕು ಕೌಶಲಗಳಲ್ಲೊಂದು. ಉದ್ವೇಗವೇರಿದಾಗ ಮುಖವನ್ನು ತಣ್ಣೀರಿಗೊಡ್ಡುವುದರಿಂದ ಹೃದಯದ ಬಡಿತ ಇಳಿಯುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಡುವುದು, ಮನಸ್ಸಿನ ಒತ್ತಾಯಕ್ಕೆ ಮಣಿದರೆ ಆಗುವುದೇನು, ಮಣಿಯದಿದ್ದರೆ ಆಗುವುದೇನು ಎಂದು ಬರೆದು ತೂಗುವುದು ಮುಂತಾದ ಸರಳ ಸಾಧನಗಳೂ ಇವೆ. ಒತ್ತಾಯವು ಅಲೆಯಂತೆ ಏರಿ ಅಲೆಯಂತೆ ಇಳಿಯುತ್ತದೆ ಎಂಬ ಅರಿವು ಇವೆಲ್ಲವುಗಳ ತಳಹದಿ. ನಾರ್ವೆ ದೇಶದಲ್ಲಿ ಪದೇ ಪದೇ ಆತ್ಮಹಾನಿ ಮಾಡಿಕೊಳ್ಳುತ್ತಿದ್ದ 77 ಕಿಶೋರರನ್ನು ಎರಡು ಗುಂಪು ಮಾಡಿ, 19 ವಾರಗಳ ಕಾಲ ಚಿಕಿತ್ಸೆ ನೀಡಲಾಯಿತು. ಈ ಪದ್ಧತಿಯನ್ನನುಸರಿಸಿದವರಲ್ಲಿ ಆತ್ಮಹಾನಿಯ ಪ್ರಸಂಗಗಳು ಇತರರಿಗಿಂತ ಕಡಮೆಯಾದುವೆಂದು 2014ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ. ಕಿಶೋರರ ಚಿಕಿತ್ಸೆಯಲ್ಲಿ ತಂದೆತಾಯಿಗಳೂ ಜೊತೆಯಲ್ಲಿ ಕುಳಿತು ಕಲಿಯುವುದು ವಾಡಿಕೆ.

ಹಾಗಾದರೆ ಇದನ್ನು ಎಲ್ಲ ಮಕ್ಕಳಿಗೂ ತರಗತಿಯ ಪಾಠವಾಗಿ ಬೋಧಿಸಬಹುದಲ್ಲವೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆಸ್ಟ್ರೇಲಿಯಾದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಈ ಪ್ರಯತ್ನ ನಡೆಯಿತು. 2023ರಲ್ಲಿ ಹೊರಬಂದ ಅದರ ಫಲಿತಾಂಶವು ಅನಿರೀಕ್ಷಿತವಾಗಿತ್ತು. ಪಾಠ ಕೇಳಿದವರ ಸ್ಥಿತಿ ಸುಧಾರಿಸಲಿಲ್ಲ. ತಂದೆತಾಯಿಗಳೊಡನೆ ಅವರ ಬಾಂಧವ್ಯವು ಇತರರಿಗಿಂತ ಕೆಟ್ಟಿತು. ಮನೆಯಲ್ಲಿ ಹೆಚ್ಚು ಅಭ್ಯಾಸ ಮಾಡಿದವರಲ್ಲಿ ಮಾತ್ರ ಪರಿಣಾಮವು ಉತ್ತಮವಾಗಿತ್ತು. ಸೈರಣೆಯು ಕೇಳಿ ಬರುವ ವಿದ್ಯೆಯಲ್ಲ, ಮಾಡಿ ಬರುವ ವಿದ್ಯೆ ಎಂಬುದು ಇದರಿಂದ ವೇದ್ಯವಾಗುತ್ತದೆ. ಈಜನ್ನು ದಡದಲ್ಲಿ ಬೋಧಿಸಿ ಕಲಿಸಲಾಗದು. ಕೈಹಿಡಿಯುವವರು ನೀರಿನಲ್ಲಿಯೇ ಇರಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹೊಡೆತ, ಹೀಯಾಳಿಕೆ, ಲೈಂಗಿಕ ಪೀಡನೆಗಳಿಗೆ ಗುರಿಯಾದ ಮಗುವಿಗೆ ತಾಳ್ಮೆಯನ್ನು ಉಪದೇಶಿಸುವುದು ಅಪರಾಧಕ್ಕೆ ಒತ್ತಾಸೆ ಕೊಟ್ಟಂತೆ. ಅಲ್ಲಿ ಬೇಕಾದುದು ಸೈರಣೆಯಲ್ಲ, ರಕ್ಷಣೆ. ಸೈರಿಸಬೇಕಾದುದು ಮನಸ್ಸಿನ ತಳಮಳವನ್ನೇ ಹೊರತು ಅನ್ಯಾಯವನ್ನಲ್ಲ. ನಗುನಗುತ್ತಿದ್ದ ಮಗುವೊಂದು ಮೌನಕ್ಕೆ ಶರಣಾದರೆ, ಊಟ ನಿದ್ರೆಗಳು ಕೆಟ್ಟರೆ, ಸಾವಿನ ಮಾತಾಡಿದರೆ, ಅದನ್ನು ತಾಳ್ಮೆಗೇಡಿತನವೆಂದು ಗದರಿಸದೆ, ನೇರವಾಗಿ ವಿಚಾರಿಸಿ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಭಾರತ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ, ಇದಕ್ಕೆ ಶುಲ್ಕವಿಲ್ಲ.

ತಾಳಿದವನು ಬಾಳಿಯಾನು ಎಂಬ ಮಾತು ಸುಳ್ಳಲ್ಲ. ಆದರೆ ತಾಳುವ ಶಕ್ತಿಯನ್ನು ಯಾವ ಮಗುವೂ ಒಂಟಿಯಾಗಿ ಗಳಿಸಿಕೊಳ್ಳುವುದಿಲ್ಲ. ಅಳುವ ಮಗುವಿನ ಪಕ್ಕದಲ್ಲಿ ಗಾಬರಿಗೊಳ್ಳದೆ, ಬೈಯದೆ, ಅಳು ನಿಲ್ಲುವವರೆಗೂ ಕುಳಿತ ಹಿರಿಯರೊಬ್ಬರನ್ನು ಕಂಡೇ ಅದು ತಾಳುವುದನ್ನು ಕಲಿಯುತ್ತದೆ. ‘ತಾಳು’ ಎನ್ನುವವರು ಜೊತೆಯಲ್ಲಿ ಕುಳಿತಿದ್ದಾಗ ಮಾತ್ರವೇ ಆ ಮಾತಿಗೆ ಬೆಲೆ.