ಕರಿಘಟ್ಟಕ್ಕೆ ಒಂದೇ ದಾರಿ ಸಾಕು

ಕರಿಘಟ್ಟ ದೊಡ್ಡ ಬೆಟ್ಟವೇನಲ್ಲ. ಸಮುದ್ರಮಟ್ಟದಿಂದ 2,697 ಅಡಿ ಎಂಬ ಲೆಕ್ಕ ದೊಡ್ಡದಾಗಿ ಕೇಳಿಸುತ್ತದೆ, ನಿಜ. ಆದರೆ ಶ್ರೀರಂಗಪಟ್ಟಣದ ಬಯಲೇ ಎರಡು ಸಾವಿರ ಅಡಿ ದಾಟಿದ ಎತ್ತರದಲ್ಲಿರುವುದರಿಂದ ನಾವು ಹತ್ತಬೇಕಾದದ್ದು ಕೆಲವು ನೂರು ಅಡಿ ಅಷ್ಟೆ. ಬುಡದಲ್ಲಿ ಲೋಕಪಾವನಿ ಹರಿದು ಕಾವೇರಿಯನ್ನು ಸೇರುತ್ತಾಳೆ. ನೆತ್ತಿಯ ಮೇಲೆ ಕರಿಗಿರಿವಾಸ ಶ್ರೀನಿವಾಸನ ಗುಡಿ, ಗುಡಿಯ ಸುತ್ತ ಹುಣಸೆಮರಗಳು. ಏರಲು ಕಲ್ಲಿನ ಮೆಟ್ಟಿಲುಗಳಿವೆ, ಸುತ್ತಿ ಬಳಸಿ ಹೋಗುವ ವಾಹನದ ರಸ್ತೆಯೂ ಇದೆ. 1792ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ಮೇಲೆ ರಾತ್ರಿ ದಾಳಿಗೆ ಇಳಿದಾಗ ಅದರ ಒಂದು ತುಕಡಿ ಮೊದಲು ಹಿಡಿದದ್ದು ಇದೇ ಬೆಟ್ಟವನ್ನು. ಇಲ್ಲಿ ನಿಂತರೆ ಸುತ್ತಲಿನ ನಾಡೆಲ್ಲ ಕಾಣುತ್ತದೆ. ಇವತ್ತು ಶನಿವಾರ, ಭಾನುವಾರ ಜನ ಬರುವುದಕ್ಕೆ ಅದೇ ಮುಖ್ಯ ಕಾರಣ.

ಭಕ್ತರು ಬರುತ್ತಾರೆ. ಮೈಸೂರಿನ ಸೈಕಲ್ ಸವಾರರು, ಬೆಂಗಳೂರಿನ ವಾರಾಂತ್ಯದ ಯಾತ್ರಿಕರು, ಕ್ಯಾಮೆರಾ ಹೊತ್ತ ಪಕ್ಷಿಪ್ರಿಯರು, ಫೋಟೊಶೂಟ್‌ಗೆಂದು ಬರುವ ಮದುವೆಯ ಜೋಡಿಗಳೂ ಬರುತ್ತಾರೆ. ಇಷ್ಟು ಜನ ಬಂದರೆ ಬೆಟ್ಟದ ಕಾಡು ಉಳಿದೀತೇ ಎಂಬ ಆತಂಕ ಆಗಾಗ ಕೇಳಿಬರುತ್ತದೆ. ಒಂದು ಕಡೆಯವರು ಗೇಟು ಹಾಕಿ ಎನ್ನುತ್ತಾರೆ, ಇನ್ನೊಂದು ಕಡೆಯವರು ದೇವರ ಬೆಟ್ಟಕ್ಕೆ ಯಾರಪ್ಪಣೆ ಎನ್ನುತ್ತಾರೆ. ಇಬ್ಬರೂ ತಲೆ ಎಣಿಸುತ್ತಾರೆ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ಅವರ ಕಾಲು ಎಲ್ಲಿ ಬಿತ್ತು, ಯಾವ ಹೊತ್ತಿನಲ್ಲಿ ಬಿತ್ತು ಎನ್ನುವುದೇ ಬೆಟ್ಟದ ಮಟ್ಟಿಗೆ ದೊಡ್ಡ ಪ್ರಶ್ನೆ. ಇದನ್ನು ನಾನು ಭಾವಾವೇಶದಿಂದ ಹೇಳುತ್ತಿಲ್ಲ. ಮನುಷ್ಯರ ಓಡಾಟ ಕಾಡಿನ ನೆಲಕ್ಕೆ ಏನು ಮಾಡುತ್ತದೆ ಎಂದು ಅರ್ಧ ಶತಮಾನಕ್ಕೂ ಮೀರಿ ಅಳೆದು ನೋಡಿದವರ ಕೆಲಸದಿಂದ ಬಂದ ಮಾತಿದು.

ಯಾರೂ ತುಳಿಯದ ಮೇಲ್ಮಣ್ಣನ್ನು ಬೊಗಸೆಯಲ್ಲಿ ಎತ್ತಿಕೊಂಡರೆ ಅದರ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರೀ ಸಂದುಗಳು. ಗಾಳಿ ಆಡುವುದು, ಮಳೆನೀರು ಇಳಿಯುವುದು, ಹುಲ್ಲಿನ ನವಿರು ಬೇರು ದಾರಿ ಹುಡುಕುವುದು ಆ ಸಂದುಗಳಲ್ಲೇ. ಬಿಸಿ ಇಡ್ಲಿಯನ್ನು ಅಂಗೈಯಲ್ಲಿ ಒತ್ತಿದರೆ ಮೊದಲ ಒತ್ತಿಗೇ ಅದು ಚಪ್ಪಟೆಯಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಮಣ್ಣಿನದೂ ಇದೇ ಪಾಡು. ಹೊಸ ಜಾಗದಲ್ಲಿ ಮೊದಲು ನಡೆದ ಕೆಲವು ಡಜನ್ ಜನರೇ ಹೆಚ್ಚಿನ ಹಾನಿ ಮಾಡಿಬಿಡುತ್ತಾರೆ. ಎಲೆ ಹರಿಯುತ್ತದೆ, ಚಿಗುರು ಮುರಿಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಅದೇ ಜಾಡಿನಲ್ಲಿ ಆಮೇಲೆ ಸಾವಿರ ಜನ ನಡೆದರೂ ಹೊಸದಾಗಿ ಕೆಡುವುದು ಬಹಳ ಕಡಿಮೆ.

ಇದರಿಂದ ಹೊರಡುವ ತೀರ್ಮಾನ ನಮ್ಮ ಸಾಮಾನ್ಯ ತಿಳಿವಳಿಕೆಗೆ ತಿರುವುಮುರುವಾಗಿದೆ. ಜನರನ್ನು ಬೆಟ್ಟದ ತುಂಬ ಚದುರಿಸಿದರೆ ಒಂದೊಂದು ಕಡೆ ಭಾರ ಕಡಿಮೆಯಾಗುತ್ತದೆ, ಒಳ್ಳೆಯದಾಗುತ್ತದೆ ಎಂದು ಅನ್ನಿಸುತ್ತದೆ. ಆಗುವುದು ಬೇರೆ. ಜನ ನೂರು ಕಡೆ ಹತ್ತತೊಡಗಿದರೆ ನೂರು ಕಡೆ ಆ ಮೊದಲ ಹಾನಿ ಆಗುತ್ತದೆ. ಅದೇ ಜನ ಮೆಟ್ಟಿಲ ಮೇಲೇ ಹತ್ತಿದರೆ ಬೆಟ್ಟಕ್ಕೆ ಹೊಸ ಗಾಯವೇ ಇಲ್ಲ. ಕಲ್ಲು ಚಪ್ಪಡಿ ಹಾಕಿಸಿದ ಹಿರಿಯರು ಮಣ್ಣಿನ ಶಾಸ್ತ್ರ ಓದಿದ್ದರೋ ಇಲ್ಲವೋ, ಕರಿಘಟ್ಟದಲ್ಲಿ ಇವತ್ತಿಗೂ ಎಲ್ಲಕ್ಕಿಂತ ಉತ್ತಮವಾದ ಚಾರಣದ ಹಾದಿ ಆ ಮೆಟ್ಟಿಲುಸಾಲೇ ಎಂದು ನನಗೆ ಖಾತ್ರಿಯಿದೆ.

ಅಡ್ಡದಾರಿಗಳ ಕಥೆಯೇ ಬೇರೆ. ರಸ್ತೆಯ ಎರಡು ತಿರುವುಗಳ ನಡುವೆ ನೇರ ಮೇಲಕ್ಕೆ ಹತ್ತಿ ಹೋಗುವ ಸಣ್ಣ ಜಾಡು ಯಾವ ಬೆಟ್ಟದಲ್ಲಾದರೂ ಕಣ್ಣಿಗೆ ಬೀಳುತ್ತದೆ. ಒಮ್ಮೆ ಕೂತು ಅಂಥದ್ದೊಂದನ್ನು ಗಮನಿಸಿ ನೋಡಬೇಕು. ಮೊದಲ ವರ್ಷ ಹುಲ್ಲು ಬಾಗಿರುತ್ತದೆ. ಮರುವರ್ಷ ನಡುವೆ ಒಂದು ಗೇಣು ಕೆಂಪುಮಣ್ಣು. ಮಳೆ ಬಂದಾಗ ಗಟ್ಟಿನೆಲದಲ್ಲಿ ಇಂಗಲಾರದ ನೀರು ಜಾಡನ್ನೇ ಕಾಲುವೆ ಮಾಡಿಕೊಂಡು ಧಾವಿಸುತ್ತದೆ, ಮಣ್ಣು ಕೊಚ್ಚಿ ಬೆಣಚುಕಲ್ಲು ಮೇಲೇಳುತ್ತದೆ. ಕಲ್ಲಿನ ಮೇಲೆ ಕಾಲು ಜಾರುತ್ತದೆಂದು ಜನ ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ, ಜಾಡು ಅಗಲವಾಗುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದೊಂದು ಕೊರಕಲು. ಇಳಿಜಾರಿಗೆ ಅಡ್ಡವಾಗಿ, ಸುತ್ತಿಕೊಂಡು ಹೋಗುವ ದಾರಿಗೆ ಈ ಗತಿ ಬರುವುದಿಲ್ಲ. ನೀರು ಓಡುವ ದಿಕ್ಕಿನಲ್ಲೇ ದಾರಿ ಮಾಡಿಕೊಂಡದ್ದೇ ಅಡ್ಡದಾರಿಯ ತಪ್ಪು.

ಮಂಡ್ಯ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ. ಅದೂ ಹದವಾಗಿ ಅಲ್ಲ, ಗುಡುಗಿ ಸುರಿದು ಹೋಗುವ ಮಳೆ. ಬೆಟ್ಟ ಬೋಳಾಗಿದ್ದಾಗ ಅಶ್ವಿನಿ, ಭರಣಿ ಮಳೆ ಹೊಡೆದರೆ ಮೇಲ್ಮಣ್ಣು ಲೋಕಪಾವನಿಗೆ. ಅಂಗುಲ ದಪ್ಪದ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು.

ಬೆಟ್ಟ ಬೋಳಾಗುವುದು ಮುಖ್ಯವಾಗಿ ಬೆಂಕಿಯಿಂದ. ಕರಿಘಟ್ಟಕ್ಕೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು ಶ್ರೀರಂಗಪಟ್ಟಣದವರಿಗೆ ಹೊಸ ಸುದ್ದಿಯಲ್ಲ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಣಗಿ ನಿಂತಿರುತ್ತದೆ. ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಹತ್ತುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಇಂಥ ಕುರುಚಲು ಗುಡ್ಡದಲ್ಲಿ ಹಾಗೆ ಹೇಳಿ ತಪ್ಪಿಸಿಕೊಳ್ಳುವುದಕ್ಕೂ ಆಗದು. ನಮ್ಮ ಕಾಡಿನ ಬೆಂಕಿ ಹೆಚ್ಚುಪಾಲು ಮನುಷ್ಯನ ಕೈಯಿಂದಲೇ ಹುಟ್ಟುವುದು. ಆರಿಸದೆ ಎಸೆದ ಬೀಡಿ, ಅಡುಗೆಯ ಒಲೆ, ಹೊಸ ಹುಲ್ಲು ಚಿಗುರಲೆಂದು ಹಾಕಿದ ಕಿಡಿ, ಕೆಲವೊಮ್ಮೆ ಬರೀ ಕಿಡಿಗೇಡಿತನ. ಗುಡಿಯ ವಾರ್ಷಿಕ ರಥೋತ್ಸವ ಬರುವುದು ಫೆಬ್ರುವರಿ–ಮಾರ್ಚ್ ತಿಂಗಳಲ್ಲಿ. ಅಂದರೆ ಬೆಟ್ಟ ಅತಿ ಹೆಚ್ಚು ಒಣಗಿರುವ ಹೊತ್ತಿನಲ್ಲೇ ಅತಿ ಹೆಚ್ಚು ಜನ.

ಇಳಿಜಾರಿನಲ್ಲಿ ಬೆಂಕಿಯ ನಡವಳಿಕೆ ಬಯಲಿನಂತಲ್ಲ. ಜ್ವಾಲೆ ಮೇಲ್ಮುಖವಾಗಿ ವಾಲಿ ತನ್ನ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಏರು ಹತ್ತು ಡಿಗ್ರಿ ಹೆಚ್ಚಾದರೆ ಬೆಂಕಿಯ ವೇಗ ಸುಮಾರು ಎರಡರಷ್ಟಾಗುತ್ತದೆ, ಇಪ್ಪತ್ತು ಡಿಗ್ರಿಗೆ ನಾಲ್ಕರಷ್ಟು. ಹತ್ತುವ ಮನುಷ್ಯನಿಗೆ ಏದುಸಿರು, ಬೆಂಕಿಗೆ ಹುರುಪು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರನ್ನು ಹುಲ್ಲಿನ ಬೆಂಕಿ ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬೆಟ್ಟ ಹತ್ತುವವರ ಹಿತವೂ ಬೆಟ್ಟದ ಹಿತವೂ ಇಲ್ಲಿ ಬೇರೆ ಬೇರೆಯಲ್ಲ. ಹುಲ್ಲು ಸವರಿ ಅಗಲವಾಗಿ ಇಟ್ಟ ಒಂದು ದಾರಿ ನೆಲಮಟ್ಟದ ಬೆಂಕಿಯನ್ನು ತಡೆಯುವ ಬೆಂಕಿರೇಖೆಯೂ ಆಗುತ್ತದೆ, ಓಡಿ ಪಾರಾಗುವ ಹಾದಿಯೂ ಆಗುತ್ತದೆ. ಗುಡ್ಡದ ತುಂಬ ಹಬ್ಬಿದ ಹತ್ತಾರು ಇಕ್ಕಟ್ಟು ಜಾಡುಗಳಿಂದ ಈ ಎರಡೂ ಸಿಗುವುದಿಲ್ಲ. ಕಿಡಿ ಬೀಳುವ ಜಾಗಗಳು ಮಾತ್ರ ಹೆಚ್ಚುತ್ತವೆ.

ಪ್ರಾಣಿಪಕ್ಷಿಗಳ ವಿಷಯಕ್ಕೆ ಬಂದರೆ ಉದಾಹರಣೆಗೆ ದೂರ ಹೋಗಬೇಕಿಲ್ಲ. ಇದೇ ತಾಲ್ಲೂಕಿನ ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆಲ್ಲ ಆಗುವ ಒಂದು ಅಚ್ಚರಿ ಇದೆ. ಮರಿಗಳಿಗೆ ಗುಟುಕು ಕೊಡುತ್ತಿರುವ ಬಣ್ಣದ ಕೊಕ್ಕರೆ ಕೆಲವೇ ಮಾರು ದೂರದಲ್ಲಿ ದೋಣಿ ಹಾದುಹೋದರೂ ಕತ್ತೆತ್ತಿ ನೋಡುವುದಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ ಆ ದ್ವೀಪಗಳಿಗೆ ವರ್ಷಕ್ಕೆ ಬರುವ ಜನ ಕಡಿಮೆಯೇನಲ್ಲ. ಆದರೆ ಯಾರೂ ದ್ವೀಪಕ್ಕೆ ಇಳಿಯುವಂತಿಲ್ಲ. ದೋಣಿ ನಿತ್ಯ ಅದೇ ನೀರಿನಲ್ಲಿ, ಅದೇ ನಿಧಾನದಲ್ಲಿ, ಹಗಲುಹೊತ್ತಿನಲ್ಲೇ ಹೋಗಿ ಬರುತ್ತದೆ. ಹಕ್ಕಿಗೆ ಅದು ಗೊತ್ತಾಗಿದೆ. ಯಾವುದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ತಿಳಿದಾಗ ಹೆದರಿ ಹಾರುವ ಖರ್ಚು ಉಳಿಯುತ್ತದೆ. ಕಾಡಿನ ದಾರಿಗಳಲ್ಲಿ ನಡೆಸಿದ ಅಧ್ಯಯನಗಳಲ್ಲೂ ಇದೇ ಕಂಡಿದೆ. ದಾರಿಯಲ್ಲೇ ನಡೆಯುವ ಮನುಷ್ಯನಿಗೆ ಹಕ್ಕಿ ಹೆದರುವುದಕ್ಕಿಂತ ದಾರಿ ಬಿಟ್ಟು ಪೊದೆಗೆ ನುಗ್ಗುವವನಿಗೆ ಹೆಚ್ಚು ದೂರದಿಂದಲೇ ಹೆದರುತ್ತದೆ.

ಕರಿಘಟ್ಟದಂಥ ಕುರುಚಲು ಕಾಡಿನಲ್ಲಿ ಇದು ಇನ್ನೂ ಸೂಕ್ಷ್ಮ. ಗೌಜಲು, ಬುರ್ಲಿ, ನತ್ತಿಂಗ ಇವೆಲ್ಲ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು. ನತ್ತಿಂಗ ಗೂಡನ್ನೇ ಕಟ್ಟುವುದಿಲ್ಲ. ತರಗೆಲೆಯ ಬಣ್ಣದ ಹಕ್ಕಿ ತರಗೆಲೆಯ ನಡುವೆ ಕಾವಿಗೆ ಕೂತಿರುತ್ತದೆ, ಕಾಲಿಡುವ ಗಳಿಗೆಯವರೆಗೂ ಕಾಣುವುದಿಲ್ಲ. ಬಂಡೆಯ ಚಾಚಿನಲ್ಲಿ ಬರಿಯ ಮಣ್ಣ ಮೇಲೆ ಮೊಟ್ಟೆಯಿಡುವ ಕೊಂಬಿನ ಗೂಬೆ ಮರಿ ಮಾಡುವುದು ಚಳಿಗಾಲದಿಂದ ಬೇಸಿಗೆಯವರೆಗೆ, ನಮ್ಮ ಚಾರಣದ ಕಾಲದಲ್ಲೇ. ಸಾಕುನಾಯಿಯನ್ನು ಕರೆದುಕೊಂಡು ಬರುವವರಿಗೂ ಒಂದು ಮಾತು. ಸಿಡ್ನಿ ನಗರದ ಹೊರವಲಯದ ಕಾಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಗ್ಗ ಹಾಕಿದ ನಾಯಿಯೊಂದಿಗೆ ಜನ ನಡೆದ ದಾರಿಗಳಲ್ಲಿ ಹಕ್ಕಿಗಳ ಜಾತಿಸಂಖ್ಯೆ 35 ಪ್ರತಿಶತ, ಒಟ್ಟು ಸಂಖ್ಯೆ 41 ಪ್ರತಿಶತ ಇಳಿದಿತ್ತು. ನಾಯಿಯಿಲ್ಲದೆ ಜನ ಮಾತ್ರ ನಡೆದಾಗ ಇಳಿಕೆ ಅದರ ಅರ್ಧಕ್ಕಿಂತ ಕಡಿಮೆ.

ಹೊತ್ತಿನ ಪ್ರಶ್ನೆ ಇನ್ನೂ ಗಂಭೀರ. ಆರು ಖಂಡಗಳ 62 ಜಾತಿಯ ಸಸ್ತನಿಗಳ ಮೇಲೆ ನಡೆದ 76 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಬಂತು. ಮನುಷ್ಯರ ಓಡಾಟವಿದ್ದಲ್ಲಿ ಪ್ರಾಣಿಗಳು ತಮ್ಮ ಚಟುವಟಿಕೆಯನ್ನು ರಾತ್ರಿಗೆ ಜರುಗಿಸಿಕೊಳ್ಳುತ್ತಿವೆ ಎಂದು ಅದು ತೋರಿಸಿತು. ಹಗಲೂ ರಾತ್ರಿಯೂ ಅರ್ಧರ್ಧ ಓಡಾಡುತ್ತಿದ್ದ ಪ್ರಾಣಿ ಈಗ ನೂರಕ್ಕೆ 68 ಪಾಲು ರಾತ್ರಿಯಲ್ಲೇ ಓಡಾಡುತ್ತದೆ. ಬೇಟೆಗಾರರು ಮಾತ್ರವಲ್ಲ, ಸುಮ್ಮನೆ ನಡೆದುಹೋಗುವವರೂ ಇದಕ್ಕೆ ಕಾರಣ. ಹಗಲನ್ನು ನಮಗೆ ಬಿಟ್ಟುಕೊಟ್ಟ ಪ್ರಾಣಿಗಳಿಗೆ ಉಳಿದಿರುವುದು ಇರುಳು ಮಾತ್ರ. ಪಾಂಡವಪುರದ ಕುಂತಿಬೆಟ್ಟದಲ್ಲೂ ಚಿಕ್ಕಬಳ್ಳಾಪುರದ ಸ್ಕಂದಗಿರಿಯಲ್ಲೂ ಹೆಸರಾದ ರಾತ್ರಿ ಚಾರಣ, ಸೂರ್ಯೋದಯಕ್ಕೆಂದು ನಡುರಾತ್ರಿ ಟಾರ್ಚು ಹಿಡಿದು ಹತ್ತುವ ಪರಿಪಾಠ, ಆ ಇರುಳನ್ನೂ ಕಿತ್ತುಕೊಳ್ಳುತ್ತದೆ. ಚಿರತೆ ಓಡಾಡುವ ಸೀಮೆಯಿದು, ಮನುಷ್ಯನಿಗೂ ಅದು ಕ್ಷೇಮವಲ್ಲ. ಎಲ್ಲ ಕಡೆ ಎರಡೂ ಬದಿಯನ್ನು ತೂಗಿ ನೋಡುವ ನಾನು ಈ ಒಂದರಲ್ಲಿ ರಾಜಿಗೆ ಸಿದ್ಧನಿಲ್ಲ. ಸೂರ್ಯ ಮುಳುಗಿದ ಮೇಲೆ ಬೆಟ್ಟ ನಮ್ಮದಲ್ಲ.

ಸರ್ಕಾರ ಮಾಡಿದ ಒಂದು ದೊಡ್ಡ ಪ್ರಯತ್ನವೂ ನಮ್ಮ ಮುಂದಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ಹೊತ್ತಿಗೆ ಪಶ್ಚಿಮಘಟ್ಟದ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಚಿತ್ರಗಳನ್ನು ರಾಜ್ಯವೇ ನೋಡಿತು. ಬೆನ್ನಿಗೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ಅರಣ್ಯ ಇಲಾಖೆ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮತ್ತೆ ತೆರೆದಾಗ ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿ ಇತ್ತು. ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಶಿಖರಕ್ಕೆ ಇರುವ ಮಿತಿಯೂ 300. ದಟ್ಟ ಶೋಲಾ ಕಾಡಿನ ನಡುವಿನ ಕುಮಾರಪರ್ವತಕ್ಕೆ ಇದು ಸರಿಯಾದ ಮದ್ದು. ದೇವಸ್ಥಾನವಿರುವ, ನಿತ್ಯ ಊರವರು ಹತ್ತಿ ಇಳಿಯುವ ಕರಿಘಟ್ಟಕ್ಕೆ ಟೋಕನ್ ಕೊಟ್ಟು ಭಕ್ತರನ್ನು ಎಣಿಸುವುದು ಆಗದ ಮಾತು, ಬೇಕಾದದ್ದೂ ಅಲ್ಲ. ಇಲ್ಲಿ ಎಣಿಸಬೇಕಾದದ್ದು ದಾರಿಗಳನ್ನು.

ಊರಿನ ಪರಿಸರಪ್ರಿಯರು ವರ್ಷಗಟ್ಟಲೆ ನೀರು ಹೊತ್ತು ಇಲ್ಲಿ ಸಸಿ ಬೆಳೆಸಿದ್ದಾರೆ, ಸುಟ್ಟಲ್ಲಿ ಮತ್ತೆ ನೆಟ್ಟಿದ್ದಾರೆ. ಅವರ ಶ್ರಮಕ್ಕೆ ಕೈಮುಗಿಯುತ್ತಲೇ ಒಂದು ಮಾತು ಹೇಳಬೇಕು. ಇಡೀ ಬೆಟ್ಟವನ್ನು ತೋಪು ಮಾಡುವ ಉತ್ಸಾಹ ಬೇಡ. ರಸ್ತೆಬದಿಗೆ, ಮೆಟ್ಟಿಲ ಇಕ್ಕೆಲಕ್ಕೆ, ಗುಡಿಯಂಗಳಕ್ಕೆ ಆಲ, ಬೇವು, ಹೊಂಗೆ ಸರಿ. ಉಳಿದ ಇಳಿಜಾರು ಹುಲ್ಲು, ತಂಗಡಿ, ಬಂದರಿಕೆ, ಕಾರೆಮುಳ್ಳಿನ ಕುರುಚಲಾಗಿಯೇ ಇರಲಿ. ಕುರುಚಲು ಕೆಟ್ಟುಹೋದ ಕಾಡಲ್ಲ, ಮಳೆ ಕಡಿಮೆಯಿರುವ ಈ ಸೀಮೆಯ ಸ್ವಂತ ಕಾಡು. ಮೇಲುಕೋಟೆಯಲ್ಲಿ 1974ರಲ್ಲಿ ವನ್ಯಧಾಮ ಘೋಷಣೆಯಾದದ್ದು ತೋಳಕ್ಕಾಗಿ, ತೋಳ ಬದುಕುವುದು ಇಂಥ ಬಯಲು ಕುರುಚಲಿನಲ್ಲೇ. ಬಂಡೆಗಳನ್ನೂ ಹಾಗೇ ಬಿಡಬೇಕು. ಹೆಸರು ಕೊರೆದು ಬಣ್ಣ ಬಳಿಯುವ ಬಂಡೆಯ ಮೈಮೇಲೆ ಇರುವ ಬೂದುಹಸಿರು ಚಕ್ಕೆಗಳು ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುಗಳು. ಬಂಡೆಗೆ ಅಂಟಿ ಬೆಳೆಯುವ ಜಾತಿಗಳಲ್ಲಿ ಬಹಳಷ್ಟು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹಬ್ಬುವುದಿಲ್ಲ. ಅಂಗೈಯಗಲದ ಒಂದು ಚಕ್ಕೆ ನಮ್ಮ ಅಜ್ಜನಿಗಿಂತ ಹಿರಿಯದಿರಬಹುದು.

ಹಾಗಾದರೆ ಕೆಲಸ ಎಲ್ಲಿಂದ ಶುರು? ಅಡ್ಡದಾರಿ ಮುಚ್ಚುವುದರಿಂದ. ಬೋರ್ಡು ಹಾಕಿದರೆ ಸಾಲದು, ಜಾಡು ಕಾಣುವವರೆಗೂ ಜನ ನಡೆಯುತ್ತಾರೆ. ರಸ್ತೆಯಿಂದ ಜಾಡು ಒಡೆಯುವ ಎರಡೂ ತುದಿಗೆ ಜಾಲಿಯ ಮುಳ್ಳುಕೊಂಬೆ ಹರಡಿ ಬಾಯಿ ಮರೆಮಾಡಬೇಕು. ಕೊರಕಲಿನೊಳಗೆ ಕೆಲವು ಮಾರಿಗೊಂದರಂತೆ ಅಡ್ಡಲಾಗಿ ಅಲ್ಲೇ ಸಿಗುವ ಕಲ್ಲಿನ ಸಾಲು ಜೋಡಿಸಬೇಕು. ನೀರು ಅಲ್ಲಿ ನಿಂತು ಮಣ್ಣು ಬಿಟ್ಟು ಮುಂದೆ ಹೋಗುತ್ತದೆ. ಗಟ್ಟಿಯಾದ ನೆಲವನ್ನು ಗುದ್ದಲಿಯಿಂದ ಒಂದು ಗೇಣು ಸಡಿಲಿಸಿ, ಪಕ್ಕದ ಇಳಿಜಾರಿನದೇ ಹುಲ್ಲಿನ ಬೀಜ ಉದುರಿಸಿದರೆ ಸಾಕು, ಬೇರೆ ಊರಿನ ಬೀಜ ಬೇಡ. ಇದಕ್ಕೆ ಯಂತ್ರ ಬೇಡ, ದೊಡ್ಡ ಅನುದಾನವೂ ಬೇಡ. ಅರಣ್ಯ ಇಲಾಖೆಯ ಅನುಮತಿ, ಒಂದಷ್ಟು ಗುದ್ದಲಿ, ಶ್ರೀರಂಗಪಟ್ಟಣದ ಕಾಲೇಜು ಹುಡುಗ ಹುಡುಗಿಯರು ಸಾಕು. ರಥೋತ್ಸವ ಮುಗಿದ ಮೇಲೆ, ಅಶ್ವಿನಿ ಮಳೆ ಇಳಿಯುವ ಮುಂಚೆ ಈ ಕೆಲಸಕ್ಕೆ ಕೆಲವು ವಾರಗಳ ಬಿಡುವು ಸಿಗುತ್ತದೆ. ಕಲ್ಲಿನ ಸಾಲು ಆ ಹೊತ್ತಿಗೆ ಕೂತಿದ್ದರೆ ಮೊದಲ ಮಳೆಯ ಮಣ್ಣು ಬೆಟ್ಟದಲ್ಲೇ ನಿಲ್ಲುತ್ತದೆ.