ತಕ್ಕಡಿಗೆ ಕಾಣದ ಬೊಜ್ಜು

ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ನಮ್ಮವರ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: "ನಮ್ಮ ಯಜಮಾನರು ಕಡ್ಡಿಯ ಹಾಗಿದ್ದಾರೆ, ಅವರಿಗೆಲ್ಲಿಂದ ಬರಬೇಕು ಸಕ್ಕರೆ ಕಾಯಿಲೆ?" ಅದೇ ಯಜಮಾನರು ಕಣ್ಣು ಮಂಜಾಯಿತೆಂದು ಬೆಂಗಳೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ, ಕಾಯಿಲೆ ಬಂದು ವರ್ಷಗಳೇ ಆಗಿರುವುದು ತಿಳಿಯುತ್ತದೆ. ತೆಳ್ಳಗಿದ್ದವರಿಗೆ ಬೊಜ್ಜಿಲ್ಲವೆಂಬ ನಂಬಿಕೆಯ ಫಲವಿದು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ಚಿತ್ರವನ್ನೂ ಬ್ರಿಟನ್ನಿನ ಗೆಳೆಯ ಜಾನ್ ಯಡ್ಕಿನ್ ಅವರ ಚಿತ್ರವನ್ನೂ ಜೊತೆಯಾಗಿ ಅಚ್ಚುಮಾಡಿಸಿದರು. ತೂಕವನ್ನು ಎತ್ತರಕ್ಕೆ ಹೋಲಿಸುವ ಬಿ.ಎಂ.ಐ. ಲೆಕ್ಕ ಇಬ್ಬರಿಗೂ ಒಂದೇ, 22.3. ಆದರೆ ಮೈಯೊಳಗಿನ ಕೊಬ್ಬು ಯಡ್ಕಿನ್ ಅವರಲ್ಲಿ ಶೇಕಡಾ 9.1, ನಮ್ಮ ಯಾಜ್ಞಿಕರಲ್ಲಿ 21.2! ತಕ್ಕಡಿಗೆ ಈ ವ್ಯತ್ಯಾಸ ತಿಳಿಯದು.

ಹಾಗಾದರೆ ರಕ್ತವಾದರೂ ಹೇಳೀತೇ? ಇಲ್ಲಿಯೇ ಮೈಕ್ರೋ ಆರ್‌ಎನ್‌ಎ ಎಂಬ ಅತಿ ಸೂಕ್ಷ್ಮ ವಸ್ತುವಿನ ಕಥೆ ಬರುವುದು. ಜೀವಕೋಶದಲ್ಲಿ ವಂಶವಾಹಿಗಳಿಂದ ಹೊರಟ ಆಜ್ಞೆಯಂತೆ ಪ್ರೋಟೀನು ತಯಾರಾಗುತ್ತದೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋ ಆರ್‌ಎನ್‌ಎ ಆ ಆಜ್ಞಾಪತ್ರಕ್ಕೆ ಅಂಟಿಕೊಂಡು ಕೆಲಸವನ್ನು ತಗ್ಗಿಸುತ್ತದೆ. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಇದನ್ನು ಕಂಡು 1993ರಲ್ಲಿ ಪ್ರಕಟಿಸಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ನಾವು ದ್ವೀಂದ್ರಿಯವೆಂದು ಎಣಿಸುವ ಜೀವಿಯಿಂದ ಕಲಿತ ಈ ಪಾಠಕ್ಕೆ 2024ರ ನೊಬೆಲ್ ಬಹುಮಾನ ಬಂತು.

ಬೊಜ್ಜಿಗೂ ಇದಕ್ಕೂ ಏನು ಸಂಬಂಧ? ರಕ್ತದಲ್ಲಿ ಸಂಚರಿಸುವ ಮೈಕ್ರೋ ಆರ್‌ಎನ್‌ಎಗಳಲ್ಲಿ ದೊಡ್ಡ ಪಾಲು ಕೊಬ್ಬಿನ ಕೋಶಗಳಿಂದಲೇ ಹೊರಡುತ್ತದೆಂದು 2017ರಲ್ಲಿ ಇಲಿಗಳ ಮೇಲಿನ ಸಂಶೋಧನೆ ತೋರಿಸಿತು. ಅವು ಯಕೃತ್ತಿನ ಕೆಲಸವನ್ನೂ ಬದಲಿಸಬಲ್ಲವು. ಬೊಜ್ಜು ಬರೀ ದಾಸ್ತಾನು ಕೋಣೆಯಲ್ಲ, ಅಂಚೆ ಕಛೇರಿಯೂ ಹೌದು. ತೀರ ಸ್ಥೂಲಕಾಯರ ರಕ್ತದಲ್ಲಿ ಕೆಲವು ಮೈಕ್ರೋ ಆರ್‌ಎನ್‌ಎಗಳ ಪ್ರಮಾಣ ಏರುಪೇರಾಗಿರುವುದನ್ನೂ, ಶಸ್ತ್ರಚಿಕಿತ್ಸೆಯಿಂದ ತೂಕ ಇಳಿದ ಮೇಲೆ ಅದು ಬದಲಾದುದನ್ನೂ 2013ರಲ್ಲಿ ಸ್ಪೇನಿನ ವೈದ್ಯರು ಕಂಡರು. ನಮಗೆ ಹತ್ತಿರದ ಚೆನ್ನೈಯಲ್ಲಿ, ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನವರು 2015ರಲ್ಲಿ ಸಕ್ಕರೆ ಕಾಯಿಲೆಯವರಲ್ಲಿಯೂ ಅದರ ಹೊಸ್ತಿಲಲ್ಲಿರುವವರಲ್ಲಿಯೂ ಇಂತಹ ನಾಲ್ಕು ಗುರುತುಗಳನ್ನು ಹೆಸರಿಸಿದರು. ಅವುಗಳಲ್ಲಿ ಮಿರ್-128 ಎಂಬುದು ಬೇರೆ ದೇಶದವರ ಅಧ್ಯಯನಗಳಲ್ಲಿ ಕಾಣದೆ ಇದ್ದದ್ದು.

ಆದರೂ ಇದಿನ್ನೂ ಸಂಶೋಧಕರ ಸೊತ್ತು. ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಇಂತಹ ಪರೀಕ್ಷೆಗೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಸದ್ಯಕ್ಕೆ ದರ್ಜಿಯ ಟೇಪು ಸಾಕು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಅಳೆದಾಗ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ, ತೋಳು ಎಷ್ಟೇ ಸಣ್ಣಗಿರಲಿ, ಸಕ್ಕರೆ ಪರೀಕ್ಷೆ ಮಾಡಿಸಬೇಕು.

"ನಾವು ಏಕಾಸನ, ಉಪವಾಸ ಮಾಡುವವರು" ಎಂಬ ಸಮಾಧಾನವೂ ಬೇಡ. ಹಸಿವಿಗಿಂತ ಕಡಮೆ ಉಣ್ಣುವ ಅವಮೌದರ್ಯವನ್ನು ನಮ್ಮ ಆಚಾರ್ಯರು ಬಾಹ್ಯ ತಪಗಳಲ್ಲಿ ಎರಡನೆಯದಾಗಿ ಎಣಿಸಿದ್ದಾರೆ. ನಾವೋ ಉಪವಾಸವನ್ನು ಹಿಡಿದು, ಪಾರಣೆಯ ದಿನ ಹೋಳಿಗೆ, ಕಡಲೆಕಾಯಿ ಉಂಡೆಗಳಿಂದ ಎಲೆ ತುಂಬಿಸುತ್ತೇವೆ! ಇನ್ನು ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ದಶಲಕ್ಷಣ ಪರ್ವಕ್ಕೆ ವಾರ ಮೊದಲೇ ವೈದ್ಯರನ್ನು ಕಂಡು, ವ್ರತದ ದಿನಗಳಿಗೆ ಔಷಧದ ಪ್ರಮಾಣವನ್ನು ಬರೆಸಿಕೊಂಡು ಬರಬೇಕು.