ಒಂಟಿ ಕುಣಿಕೆಯ ಶಾಲು

"ಎಂತದು ಮಾರಾಯ್ತಿ ಇದು, ಶಾಲೋ ಮೀನು ಬಲೆಯೋ?"

ಕಳಸದ ಹತ್ತಿರದ ತೋಟದ ಮನೆಯಲ್ಲಿ ನಮ್ಮ ದೊಡ್ಡಮ್ಮ ನನ್ನ ಮೊದಲ ಶಾಲನ್ನು ಕಿಟಕಿ ಬೆಳಕಿಗೆ ಹಿಡಿದು ಹೀಗೆ ಕೇಳಿದ್ದರು. ಅವರ ಅನುಮಾನದಲ್ಲಿ ತಪ್ಪೇನಿರಲಿಲ್ಲ. ಮಲೆನಾಡಿನಲ್ಲಿ ಹೊದಿಕೆ ಅಂದರೆ ಕಂಬಳಿ. ಕೊಪ್ಪೆ ಮಾಡಿ ತಲೆಗೇರಿಸಿಕೊಂಡರೆ ಪುಷ್ಯ ಮಳೆಯಲ್ಲೂ ಗದ್ದೆಗಿಳಿಯಬಹುದು. ನೀರು ಇಳಿಯಬಾರದು, ಗಾಳಿ ನುಗ್ಗಬಾರದು, ಹೊದಿಕೆಯಿಂದ ಅವರು ಬಯಸಿದ್ದು ಅಷ್ಟೇ. ಅಂಥವರ ಮುಂದೆ ಅರ್ಧಕ್ಕರ್ಧ ಕಿಂಡಿಯೇ ಇರುವ ಬಟ್ಟೆಯನ್ನು ಹಿಡಿದು 'ಬೆಚ್ಚಗಿರುತ್ತದೆ' ಅಂದರೆ ಯಾರು ನಂಬುತ್ತಾರೆ?

ಬೆಚ್ಚಗಿರುವುದೇನೋ ನಿಜ. ಕಿಂಡಿಯೊಳಗೆ ನಿಂತ ಗಾಳಿಯೇ ಚಳಿಗೆ ಅಡ್ಡ. ಆದರೆ ಕೊಟ್ಟಿಗೆಹಾರದ ಗಾಳಿಗೆ ಇದನ್ನು ಹೊದ್ದು ಹೊರಗೆ ನಿಂತರೆ ಏನೂ ಉಪಯೋಗವಿಲ್ಲ. ಮನೆಯೊಳಗೆ, ಸಂಜೆ ಹೊತ್ತು, ಕಾಫಿ ಲೋಟ ಕೈಯಲ್ಲಿರುವಾಗ ಹೆಗಲ ಮೇಲೆ ಬಿದ್ದಿರಲು ಲಾಯಕ್ಕಾದ ಬಟ್ಟೆ ಇದು.

ಕ್ರೋಶಾ ಅನ್ನುವುದು ಫ್ರೆಂಚ್ ಮಾತು. ಸಣ್ಣ ಕೊಕ್ಕೆ ಎಂದಷ್ಟೇ ಅದರ ಅರ್ಥ. ಕಡ್ಡಿಯನ್ನು ನೋಡಿದರೆ ನನಗೆ ಮಾತ್ರ ದೋಟಿಯ ಮರಿಯ ಹಾಗೆ ಕಾಣುತ್ತದೆ. ಕೈಗೆಟುಕದ ಕಾಯಿಗೆ ದೋಟಿ ಹಾಕಿ ಎಳೆದಂತೆ ಇಲ್ಲಿ ದಾರವನ್ನು ಕುಣಿಕೆಯೊಳಗಿಂದ ಎಳೆಯುವುದು, ಎಳೆದದ್ದು ಹೊಸ ಕುಣಿಕೆಯಾಗುವುದು, ಅದರೊಳಗಿಂದ ಮತ್ತೆ ಎಳೆಯುವುದು. ಇಡೀ ವಿದ್ಯೆ ಇಷ್ಟೇ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ನೂರಾರು ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲೆ ಕೂತಿರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳವರೆಗೂ ಬಿಚ್ಚಿಕೊಂಡು ಹೋಗುತ್ತದೆ. ಕ್ರೋಶಾದಲ್ಲಿ ಜೀವ ಇರುವುದು ಒಂದೇ ಕುಣಿಕೆಗೆ. ಕುಕ್ಕರ್ ಕೂಗಿತೆಂದೋ, ಆಳುಗಳ ಕಾಫಿ ಹೊತ್ತಾಯಿತೆಂದೋ ಏಳಬೇಕಾದರೆ ಆ ಒಂದನ್ನು ಉದ್ದಕ್ಕೆ ಎಳೆದು ಕಡ್ಡಿ ತೆಗೆದಿಟ್ಟು ಹೋಗಬಹುದು. ಮರುದಿನ ಬಂದರೂ ಅದು ಹಾಗೇ ಕಾಯುತ್ತಿರುತ್ತದೆ.

ತೋಟದ ಮನೆಗಳಿಗೆ ಈ ಕೆಲಸ ಹೊಂದಿದ್ದು ಇದರಿಂದಲೇ ಇರಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಕಣ, ಒಣಗಿಸುವ ಗಡಿಬಿಡಿ. ಆಮೇಲೆ ಹೂಮಳೆ ಬಂತೋ ಇಲ್ಲವೋ ಎಂಬ ಚಿಂತೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಹೆಂಗಸರಿಗೆ ಸಿಗುವುದನ್ನು ಬಿಡುವು ಅನ್ನುವಂತಿಲ್ಲ, ಬಿಡುವಿನ ಚೂರುಗಳು. ಕರೆಂಟಿಲ್ಲದ ಅರ್ಧ ಗಂಟೆ, ಹಂಡೆ ನೀರು ಕಾಯುವ ಇಪ್ಪತ್ತು ನಿಮಿಷ. ಅಂಥ ಚೂರುಗಳನ್ನು ಜೋಡಿಸಿಯೇ ರೇಡಿಯೋದ ಮೇಲಿನ ಹೊದಿಕೆ, ಟೀಪಾಯಿ ಬಟ್ಟೆ, ಬಾಗಿಲ ತೋರಣ ಎಲ್ಲ ಆದದ್ದು. ರೇಡಿಯೋ ಹೋಯಿತು, ಟಿವಿಯೂ ಗೋಡೆಗಂಟಿತು. ಕ್ರೋಶಾ ಸತ್ತೇ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಅದು ಸೀರೆಯ ಸೆರಗಿಗೆ ಹತ್ತಿಕೊಂಡಿತು. ಈಗ ಚಿಕ್ಕಮಗಳೂರಿರಲಿ ಮೂಡಿಗೆರೆಯಿರಲಿ, 'ಫಾಲ್, ಜಿಗ್‌ಜಾಗ್, ಕುಚ್ಚು' ಎಂಬ ಬೋರ್ಡಿನ ಹಿಂದೆ ಯಾರೋ ಒಬ್ಬರು ರೇಷ್ಮೆ ದಾರದಲ್ಲಿ ಮಣಿ ಪೋಣಿಸಿ ಕ್ರೋಶಾ ಕುಚ್ಚು ಹಾಕುತ್ತಿರುತ್ತಾರೆ. ಕರ್ನಾಟಕದಲ್ಲಿ ಈ ಕಡ್ಡಿ ಇವತ್ತು ಬದುಕಿರುವುದು ಬಹುಮಟ್ಟಿಗೆ ಕುಚ್ಚಿನ ಋಣದಿಂದ. ಕುಚ್ಚು ಬಲ್ಲವರಿಗೆ ಶಾಲು ಸುಲಭ. ಅದೇ ಚೈನ್, ಅದೇ ಕಂಬ, ಕಣ್ಣಿಗೆ ಆಯಾಸ ಮಾತ್ರ ಕಡಿಮೆ.

ಕ್ರೋಶಾದ ಹಿನ್ನೆಲೆಯಲ್ಲಿ ಒಂದು ಸಂಗತಿ ನಮ್ಮ ಅಡಿಕೆಯವರಿಗೆ ಚುರುಕ್ಕೆನ್ನಬಹುದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತುಹೋಗಿ ಭೀಕರ ಬರಗಾಲ ಬಂತು. ಅದನ್ನು ಕೊಳೆಸಿದ್ದು ಫೈಟಾಫ್ತೊರಾ ಕುಲದ ಒಂದು ರೋಗಾಣು. ಕಳಸ, ಕೊಪ್ಪದ ಕಡೆ ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗದ ಹಿಂದಿರುವುದೂ ಅದೇ ಕುಲದ ದಾಯಾದಿ. ಐರ್ಲೆಂಡಿನ ಆ ಬರಗಾಲದಲ್ಲಿ ಕಾರ್ಕ್ ಊರಿನ ಉರ್ಸುಲೈನ್ ಸನ್ಯಾಸಿನಿಯರೂ ಇನ್ನೂ ಕೆಲವರೂ ಬಡ ಹೆಂಗಸರಿಗೆ, ಮಕ್ಕಳಿಗೆ ಕ್ರೋಶಾ ಲೇಸ್ ಕಲಿಸಿದರು. ಹೆಣೆದದ್ದು ಶ್ರೀಮಂತರ ಕಾಲರಿಗೂ ತೋಳಿಗೂ ಹೋಯಿತು, ಎಷ್ಟೋ ಮನೆಗಳ ಒಲೆ ಅದರಿಂದ ಉರಿಯಿತು.

ನಮ್ಮ ನೆರೆಯ ಆಂಧ್ರದ ನರಸಾಪುರಕ್ಕೂ ಲೇಸ್ ಬಂದದ್ದು 19ನೇ ಶತಮಾನದ ಮಿಷನರಿಗಳ ಕೈಯಿಂದ. ಗೋದಾವರಿ ತೀರದ ಆ ಕ್ರೋಶಾಕ್ಕೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಆದರೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಆ ಹೆಣಿಗೆಯವರ ಬಗ್ಗೆ ಬರೆದ ಪುಸ್ತಕದಲ್ಲಿ ಬೇರೊಂದು ಲೆಕ್ಕವಿದೆ. ಲೇಸು ಹೊರದೇಶಕ್ಕೆ ಹೋಗುತ್ತಿತ್ತು, ವ್ಯಾಪಾರಿಗಳು ಬೆಳೆದರು. ಹೆಣೆಯುವವಳನ್ನು ಮಾತ್ರ ಕೆಲಸಗಾರ್ತಿ ಎಂದು ಯಾರೂ ಎಣಿಸಲಿಲ್ಲ. ಮನೆಯಲ್ಲಿರುವ ಗೃಹಿಣಿ, ಬಿಡುವಿನಲ್ಲಿ ಏನೋ ಮಾಡುತ್ತಾಳೆ ಎಂದೇ ಕೂಲಿ ಕಟ್ಟಿದರು. ಬಿಟ್ಟು ಹಿಡಿಯಬಹುದಾದ ಕೆಲಸಕ್ಕೆ ಅಂಟಿದ ಶಾಪ ಇದು. ಗಂಟೆಗಳು ಚೂರಾಗಿರುವುದರಿಂದ ಅವನ್ನು ಯಾರೂ ಕೂಡಿಸುವುದಿಲ್ಲ. ಸೀರೆ ಕುಚ್ಚಿಗೆ ಚೌಕಾಸಿ ಮಾಡುವಾಗ ನಾವೂ ಆ ವ್ಯಾಪಾರಿಗಳೇ. ನಿಜವಾದ ಕ್ರೋಶಾವನ್ನು ಅಂಗಡಿಗೆ ಸಾಲುವಷ್ಟು ಹೆಣೆಯುವ ಯಂತ್ರ ಇನ್ನೂ ಬಂದಿಲ್ಲ, ಕಾರ್ಖಾನೆಯ ಯಂತ್ರದಿಂದ ಬರುವುದು ಅದರಂತೆ ಕಾಣುವ ಬೇರೆ ಹೆಣಿಗೆ. ಅಂಗಡಿಯಲ್ಲಿ ಅಸಲಿ ಕ್ರೋಶಾ ಅಗ್ಗಕ್ಕೆ ಸಿಕ್ಕರೆ, ಯಾರದೋ ಕೈಗೆ ಅಷ್ಟೇ ಕಡಿಮೆ ಸಿಕ್ಕಿದೆ ಎಂದು ಲೆಕ್ಕ.

ಇರಲಿ, ಶಾಲಿಗೆ ಬರೋಣ.

ಕುಚ್ಚಿನ ಸಣ್ಣ ಉಕ್ಕಿನ ಕಡ್ಡಿ ಇದಕ್ಕೆ ಆಗದು. 5 ಮಿಲಿಮೀಟರಿನದು ಬೇಕು. ದಾರ ಮಾತ್ರ ತೆಳುವಾದದ್ದೇ ಇರಲಿ. ತೆಳು ದಾರಕ್ಕೆ ದಪ್ಪ ಕಡ್ಡಿ, ಲೇಸಿನ ಗುಟ್ಟು ಅರ್ಧ ಇದರಲ್ಲೇ ಇದೆ. ಫ್ಯಾನ್ಸಿ ಸ್ಟೋರಿನಲ್ಲಿ 'ಉಲ್ಲನ್' ಎಂದು ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಅನುಮಾನವಿದ್ದರೆ ಒಂದು ತುಂಡು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕಲಿಯಲು ಅಕ್ರಿಲಿಕ್ಕೇ ವಾಸಿ. ಬಿಚ್ಚಿ ಬಿಚ್ಚಿ ಹೆಣೆದರೂ ತಾಳುತ್ತದೆ, ನುಸಿ ತಿನ್ನುವುದಿಲ್ಲ. 200 ಗ್ರಾಂ ತನ್ನಿ. ಕಪ್ಪು, ಕಡುನೀಲಿ ಬೇಡ, ಮಳೆಗಾಲದ ಮಬ್ಬು ಬೆಳಕಿನಲ್ಲಿ ಕುಣಿಕೆ ಕಾಣದೆ ಅಳು ಬರುತ್ತದೆ.

ಕುಣಿಕೆಯೊಳಗಿಂದ ಬರೀ ದಾರ ಎಳೆದು ಮಾಡಿದ ಒಂದೊಂದು ಹೊಸ ಕುಣಿಕೆಯೂ ಒಂದು ಚೈನ್. ನಾಲ್ಕು ಚೈನ್ ಹಾಕಿ ಮೊದಲನೆಯದಕ್ಕೆ ಸೇರಿಸಿದರೆ ಒಂದು ಉಂಗುರ. ಮತ್ತೆ ನಾಲ್ಕು ಚೈನ್ ಎತ್ತಿ. ಇದು ಅಂಚಿನ ಕಂಬ ಮತ್ತು ಅದರ ಪಕ್ಕದ ಕಿಂಡಿ. ಈಗ ಉಂಗುರದೊಳಗೇ ಮೂರು ಕಂಬ, ಎರಡು ಚೈನ್, ಮೂರು ಕಂಬ, ಒಂದು ಚೈನ್, ಕೊನೆಗೊಂದು ಕಂಬ. ಕಂಬ ಅಂದರೆ ಕಡ್ಡಿಗೆ ದಾರ ಒಂದು ಸುತ್ತು ಸುತ್ತಿ, ಕಿಂಡಿಯೊಳಗೆ ತೂರಿ ದಾರ ಎಳೆದು, ಕಡ್ಡಿಯ ಮೇಲಿನ ಮೂರು ಕುಣಿಕೆಗಳನ್ನು ಎರಡೆರಡಾಗಿ ಬಿಡಿಸುವುದು. ಅಮೆರಿಕದವರು ಇದನ್ನು ಡಬಲ್ ಅನ್ನುತ್ತಾರೆ, ಇಂಗ್ಲೆಂಡಿನವರು ಟ್ರೆಬಲ್ ಅನ್ನುತ್ತಾರೆ. ಹಳೆಯ ಇಂಗ್ಲಿಷ್ ಪುಸ್ತಕವನ್ನೂ ಯೂಟ್ಯೂಬ್ ವಿಡಿಯೋವನ್ನೂ ಒಟ್ಟಿಗೆ ಇಟ್ಟುಕೊಂಡು ಕೂತ ನಾನು ಒಂದು ವಾರ ಕೆಟ್ಟಿದ್ದೆ. ಅದಕ್ಕೇ ದೊಡ್ಡಮ್ಮನ 'ಕಂಬ'ವೇ ಸಾಕು.

ತಿರುಗಿಸಿ ಎರಡನೆಯ ಸಾಲು. ನಾಲ್ಕು ಚೈನ್, ಅಂಚಿನ ಕಿಂಡಿಯಲ್ಲಿ ಮೂರು ಕಂಬದ ಒಂದು ಗೊಂಚಲು, ಒಂದು ಚೈನ್. ನಡುವಿನ ಕಿಂಡಿಯಲ್ಲಿ ಗೊಂಚಲು, ಎರಡು ಚೈನ್, ಗೊಂಚಲು. ಮತ್ತೆ ಒಂದು ಚೈನ್, ಕೊನೆಯ ಕಿಂಡಿಯಲ್ಲಿ ಗೊಂಚಲು, ಒಂದು ಚೈನ್, ಅಂಚಿನ ಕಂಬ. ಮೂರನೆಯ ಸಾಲಿನಿಂದ ಗೊಂಚಲುಗಳ ನಡುವಿನ ಪ್ರತಿ ಕಿಂಡಿಯಲ್ಲೂ ಒಂದೊಂದು ಗೊಂಚಲು, ಉಳಿದದ್ದೆಲ್ಲ ಹಾಗೆಯೇ. ಹೊಸದಾಗಿ ಕಲಿಯುವುದು ಇನ್ನೇನೂ ಇಲ್ಲ. ಬಟ್ಟೆ ತಾನಾಗಿ ತ್ರಿಕೋನವಾಗುತ್ತಾ ಹೋಗುತ್ತದೆ.

ಕಲಿಯುವವರು ಎಡವುವುದು ಎಣಿಕೆಯಲ್ಲಿ. ಪ್ರತಿ ಸಾಲಿಗೂ ಎರಡು ಗೊಂಚಲು ಹೆಚ್ಚುತ್ತವೆ, ಹಾಗಾಗಿ ಎಷ್ಟನೇ ಸಾಲೋ ಅದರ ಎರಡರಷ್ಟು ಗೊಂಚಲು ಇರಲೇಬೇಕು. 17ನೇ ಸಾಲಿಗೆ 34. ನನ್ನಲ್ಲಿ 33 ಇತ್ತು. ಒಂದು ತಾನೇ, ಯಾರು ನೋಡುತ್ತಾರೆ ಎಂದು ಮುಂದೆ ಹೋದೆ. 22ನೇ ಸಾಲಿನ ಹೊತ್ತಿಗೆ ಒಂದು ಮಗ್ಗುಲು ಒಳಕ್ಕೆ ಸರಿದು ಶಾಲು ಸೊಟ್ಟಗಾಗಿತ್ತು. ದೊಡ್ಡಮ್ಮ ಏನೂ ಹೇಳದೆ ಉಂಡೆಯನ್ನು ನನ್ನ ಮಡಿಲಿಗೆ ಹಾಕಿದರು. ಕಡ್ಡಿ ತೆಗೆದು ದಾರ ಎಳೆದೆ. ಆರು ಸಾಲು, 228 ಗೊಂಚಲು, ಕಾಲು ಗಂಟೆಯೊಳಗೆ ಮತ್ತೆ ಉಂಡೆಯಾಯಿತು.

ಇನ್ನೊಂದು ಮೋಸವೂ ಇದೆ. ಮೊದಲ ಹತ್ತು ಸಾಲು ಒಂದೆರಡು ಸಂಜೆಗೆ ಮುಗಿದಾಗ ಇಷ್ಟೇನಾ ಅನ್ನಿಸುತ್ತದೆ. 40 ಸಾಲಿನ ಶಾಲಿನಲ್ಲಿ ಒಟ್ಟು 1,640 ಗೊಂಚಲು. ಮೊದಲ ಹತ್ತು ಸಾಲಿನವು 110, ಕೊನೆಯ ಹತ್ತರವು 710. ಅರ್ಧ ದಾರ ಖರ್ಚಾಗುವುದು 28ನೇ ಸಾಲಿನ ಆಸುಪಾಸಿನಲ್ಲಿ. ತಂದ ದಾರದಲ್ಲಿ ಅರ್ಧ ಮುಗಿದಾಗ ಅಷ್ಟು ಸಾಲು ಆಗಿರದಿದ್ದರೆ ಸಾಲುಗಳನ್ನು ಕಡಿಮೆ ಮಾಡಿಕೊಳ್ಳಿ. ಎಷ್ಟೋ ಶಾಲುಗಳು ಮೂವತ್ತರ ಮೇಲೆ ಬೇಸರ ಬಂದು ಟ್ರಂಕು ಸೇರಿವೆ.

ಮುಗಿಸಿದ ಶಾಲು ಮುದುಡಿದ ಚಿಂದಿಯಂತೆ ಕಂಡರೆ ಹೆದರಬೇಡಿ. ಲೇಸು ಲೇಸಾಗುವುದು ಒದ್ದೆ ಮಾಡಿ, ನೀರು ಹಿಂಡಿ, ಚಾಪೆಯ ಮೇಲೆ ಮೂಲೆ ಮೂಲೆಗೆ ಎಳೆದು ಗುಂಡುಸೂಜಿ ಚುಚ್ಚಿ ಒಣಗಿಸಿದ ಮೇಲೆ. ಆಗ ಪ್ರತಿ ಕಿಂಡಿಯೂ ಕಣ್ಣು ಬಿಡುತ್ತದೆ. ಅಕ್ರಿಲಿಕ್‌ಗೆ ನೀರು ಸಾಲದು, ಇಸ್ತ್ರಿಪೆಟ್ಟಿಗೆಯ ಹಬೆಯನ್ನು ಮೇಲಿಂದ ತೋರಿಸಬೇಕು, ತಾಗಿದರೆ ಕರಗಿತು. ಉಣ್ಣೆಯದಾದರೆ ಮಲೆನಾಡಿನ ಮಳೆಗಾಲದಲ್ಲಿ ಬೇರೆಯೇ ಪಾಡು. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಒಣಗಿತೆಂದು ಮಡಿಸಿಟ್ಟರೆ ಎಂಟು ದಿನದಲ್ಲಿ ಬೂಷ್ಟು.

ನನ್ನ ಎರಡನೆಯ ಶಾಲು ಉಣ್ಣೆಯದು. ಮುಗಿದದ್ದು ಆಶ್ಲೇಷ ಮಳೆಯಲ್ಲಿ. ದೊಡ್ಡಮ್ಮ ಅದನ್ನು ಚಾಪೆಸಮೇತ ಬಚ್ಚಲಮನೆಗೆ ಒಯ್ದು ಹಂಡೆಯೊಲೆಯ ಎದುರಿನ ಗೋಡೆಗೆ ಒರಗಿಸಿಟ್ಟರು. ಒಣಗಲು ನಾಲ್ಕು ದಿನ ಬೇಕಾಯಿತು. ಈಗಲೂ ಬೆಂಗಳೂರಿನಲ್ಲಿ ಬೀರು ತೆರೆದಾಗ ಅದರಿಂದ ಸೌದೆ ಹೊಗೆಯ ವಾಸನೆ ಬರುತ್ತದೆ. ಬಲೆ ಎಂದು ನಕ್ಕ ದೊಡ್ಡಮ್ಮ ಮೊದಲನೆಯದನ್ನು ವಾಪಸು ಕೊಡಲೇ ಇಲ್ಲ.